ಘಟಪ್ರಭೆಯ ದಂಡೆಯಲ್ಲಿ ಘಟಸರ್ಪ

ಕ್ರೈಸ್ತರ ಧರ್ಮಗ್ರಂಥದ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಏಳು ತಲೆ, ಹತ್ತು ಕೊಂಬುಗಳುಳ್ಳ, ತನ್ನ ಬಾಲದಿಂದ ಆಕಾಶದ ನಕ್ಷತ್ರಗಳಲ್ಲಿ ಮೂರರಲ್ಲೊಂದು ಪಾಲನ್ನು ಸೆಳೆದು ನೆಲಕ್ಕೆ ಕೆಡಹುವ ರಕ್ತವರ್ಣದ ಮಹಾಜಂತುವೊಂದು ಕಾಣಿಸಿಕೊಳ್ಳುವುದು. ಇಂಗ್ಲಿಷ್ ಬಲ್ಲವರು ಅದನ್ನು ಡ್ರ್ಯಾಗನ್ ಎಂದು ಓದಿಕೊಳ್ಳುವರು. ಆ ಗ್ರಂಥವನ್ನು ಕನ್ನಡಕ್ಕೆ ತಂದವರು, ಇಂಥದೊಂದು ಪ್ರಾಣಿಯ ಹೆಸರನ್ನೇ ಕೇಳಿರದ ಜನಕ್ಕೆ ಇದನ್ನು ಹೇಗೆ ತಿಳಿಯಹೇಳುವುದೆಂದು ಕೆಲವು ಕಾಲವಾದರೂ ತಲೆಯ ಮೇಲೆ ಕೈಹೊತ್ತು ಕುಳಿತಿರಬೇಕು. ಕಡೆಗೆ ಅವರ ಕೈಗೆ ದೊರೆತ ಶಬ್ದ 'ಘಟಸರ್ಪ'. ಮಕರವಿದ್ದಿತು, ವ್ಯಾಳವಿದ್ದಿತು, ಕಾಳಿಂಗನಿದ್ದನು, ತಕ್ಷಕನಿದ್ದನು. ಇವರೆಲ್ಲರನ್ನೂ ಬಿಟ್ಟು ಗಡಿಗೆಯೊಳಗಣ ಹಾವೊಂದನ್ನು ಅವರು ಆರಿಸಿಕೊಂಡುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವೂ ಸಂತೋಷವೂ ಒಟ್ಟಿಗೆ ಆಗುತ್ತವೆ.

ಘಟಸರ್ಪವೆಂದರೆ ಹಿಂದಿನವರ ದಿವ್ಯಪರೀಕ್ಷೆಗಳಲ್ಲಿ ಒಂದು. ಮಣ್ಣಿನ ಗಡಿಗೆಯಲ್ಲಿ ನಾಗರಹಾವನ್ನೂ ಅದರ ಜೊತೆಗೆ ಒಂದು ಉಂಗುರವನ್ನೋ ನಾಣ್ಯವನ್ನೋ ಇಟ್ಟು, ಆಪಾದನೆಗೆ ಗುರಿಯಾದವನು ನಾಲ್ಕು ಜನರೆದುರಿಗೆ ಅದರೊಳಗೆ ಕೈಯಿಳಿಸಿ ಆ ಒಡವೆಯನ್ನು ಹೊರತೆಗೆಯಬೇಕು. ಕಚ್ಚದಿದ್ದರೆ ಅವನು ಸತ್ಯವಂತ. ಕಾಲಕ್ರಮದಲ್ಲಿ ಗಡಿಗೆ ಒಡೆದುಹೋಗಿ ಹಾವು ಮಾತ್ರ ಭಾಷೆಯಲ್ಲಿ ಉಳಿಯಿತು. ನಮ್ಮ ಮನೆಯಲ್ಲಿ ಸಿಡುಕಿನ ಹಿರಿಯರೊಬ್ಬರು ಅಂಗಳಕ್ಕೆ ಕಾಲಿಡುವಾಗ 'ಬಂತ ನೋಡ ಘಟಸರ್ಪ' ಎಂದು ಹೆಂಗಸರು ಒಳಗಿನ ಬಾಗಿಲಿನ ಮರೆಯಲ್ಲಿ ಪಿಸುಗುಟ್ಟುತ್ತಿದ್ದುದುಂಟು. ಗಡಿಯಾಚೆಯ ಮರಾಠಿಯಲ್ಲಾದರೋ ಅದೇ ಶಬ್ದಕ್ಕೆ ಮಕ್ಕಳ ಗಂಟಲು ಕಟ್ಟುವ ಒಂದು ಭೀಕರ ರೋಗದ ಹೆಸರಾಗಿ, ದನಗಳ ಗಂಟಲು ಬಾವಿನ ಬೇನೆಯ ಹೆಸರಾಗಿ ಬೇರೊಂದು ಬಾಳು ದೊರೆತಿದೆ. ಹುಕ್ಕೇರಿ, ಸಂಕೇಶ್ವರದ ಕಡೆಯ ದನದ ಸಂತೆಯಲ್ಲಿ ಕೊಲ್ಹಾಪುರದ ವ್ಯಾಪಾರಿ 'ಘಟಸರ್ಪ' ಎಂದರೆ ಕೇಳಿದವರು ಪುರಾಣವನ್ನು ನೆನೆಯುವುದಿಲ್ಲ, ಎತ್ತಿನ ಕೊರಳನ್ನು ತಡವಿ ನೋಡುವರು.

ಘಟಸರ್ಪಕ್ಕೂ ಘಟಪ್ರಭೆಗೂ ಹೆಸರಿನ ಮೊದಲೆರಡು ಅಕ್ಷರಗಳನ್ನು ಬಿಟ್ಟರೆ ಸಂಬಂಧವಿಲ್ಲವೆಂದು ನಾನು ಬಲ್ಲೆ. ಆದರೂ ಶ್ರಾವಣಮಾಸದಲ್ಲಿ ಗೋಕಾಕದ ಜಲಪಾತದ ಮೇಲಣ ತೂಗುಸೇತುವೆಯ ಮೇಲೆ ನಿಂತು, ಕಾಲಡಿಯ ಹಲಗೆಗಳು ಸಣ್ಣಗೆ ಅದುರುತ್ತಿರಲು, ಕೆಮ್ಮಣ್ಣನ್ನು ಕಲಸಿಕೊಂಡ ನದಿಯು ಬಂಡೆಯ ಹಾಸಿನ ಮೇಲೆ ಮೈಹೊರಳಿಸುತ್ತ ಬಂದು, ಕುದುರೆಲಾಳದ ಆಕಾರದ ಆ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕಿ, ತನ್ನ ಉಸಿರನ್ನೇ ಹೊಗೆಯಾಗಿ ಮೇಲಕ್ಕೆ ಬಿಡುವುದನ್ನು ನೋಡಿದವನು, ಜಗತ್ತಿನ ಇಷ್ಟೊಂದು ಜನಾಂಗಗಳು ನೀರನ್ನೂ ಹಾವನ್ನೂ ಒಂದೇ ದೇಹದಲ್ಲಿ ಏಕೆ ಕಲ್ಪಿಸಿಕೊಂಡುವೆಂದು ಯಾರನ್ನೂ ಕೇಳಬೇಕಾಗಿ ಬರುವುದಿಲ್ಲ. ದಂಡೆಯ ಮೇಲೆ ಚಾಲುಕ್ಯರ ಕಡೆಗಾಲದ ಶೈಲಿಯ ಮಹಾಲಿಂಗೇಶ್ವರನ ಗುಡಿಯಿದೆ. ಅದರ ಕಂಬಗಳಿಗೆ ಬೆನ್ನುಹಚ್ಚಿ ಕುಳಿತರೆ ಆ ಮೊರೆತವು ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುವುದು.

ಈ ಕಲ್ಪನೆಯ ಅತಿ ಪ್ರಾಚೀನವಾದ ಒಂದು ರೂಪ ನಮ್ಮಲ್ಲಿಯೇ ಇದೆ. ಋಗ್ವೇದದ ವೃತ್ರನು ನೀರುಗಳನ್ನೆಲ್ಲ ಸುತ್ತುವರಿದು ಬೆಟ್ಟದ ಮೇಲೆ ಮಲಗಿದ ಸರ್ಪ. ಅವನಿಗೆ 'ಅಹಿ' ಎಂದೇ ಹೆಸರು. ತ್ವಷ್ಟೃವು ಮಾಡಿಕೊಟ್ಟ ವಜ್ರಾಯುಧದಿಂದ ಇಂದ್ರನು ಅವನನ್ನು ಹೊಡೆದಾಗ, ಕಟ್ಟು ಬಿಚ್ಚಿದ ಹಸುಗಳಂತೆ ನದಿಗಳು ಸಮುದ್ರದ ಕಡೆಗೆ ಓಡಿದುವು. ಅಹಿಯೇ ಇರಾನಿನ ಪ್ರಾಚೀನ ಭಾಷೆಯಲ್ಲಿ 'ಅಝಿ' ಆಯಿತು, ಮುಂದೆ ಪಾರಸಿಯಲ್ಲಿ 'ಅಜ್ದಹಾ' ಆಯಿತು. ಗ್ರೀಕರ 'ಡ್ರಾಕೋನ್' ಎಂಬ ಶಬ್ದವಾದರೋ ನೋಟವೆಂಬ ಅರ್ಥದ ಧಾತುವಿನಿಂದ ಹುಟ್ಟಿದುದೆಂದು ಭಾಷಾಶಾಸ್ತ್ರಜ್ಞರು ಹೇಳುವರು: ಎವೆಯಿಕ್ಕದೆ ನೋಡುವುದು, ಆದುದರಿಂದ ಕಾಯುವುದು. ಯೂರೋಪಿನ ಕಥೆಗಳ ಡ್ರ್ಯಾಗನ್ ಬಂಗಾರದ ರಾಶಿಯ ಮೇಲೆ ಮಲಗಿದುದೂ, ನಮ್ಮ ಹಳ್ಳಿಯ ಪಾಳುಗೋಡೆಯ ಕೆಳಗೆ ಹೂತಿಟ್ಟ ಕೊಪ್ಪರಿಗೆಯನ್ನು ಏಳು ಹೆಡೆಯ ಸರ್ಪವು ಕಾಯುತ್ತಿರುವುದೂ ಒಂದೇ ಬೇರಿನ ಎರಡು ಚಿಗುರು. ಆದರೆ ಯೂರೋಪಿನ ಕಥೆ ಶೂರನೊಬ್ಬನು ಬಂದು ಆ ಕಾವಲುಗಾರನನ್ನು ಕೊಲ್ಲುವವರೆಗೆ ನಿದ್ರೆಮಾಡುವುದಿಲ್ಲ. ನಮ್ಮ ಕಥೆಯಲ್ಲಿ ಅಗೆಯಲು ಹೋದವನ ವಂಶವೇ ನಿಲ್ಲುವುದು, ಸರ್ಪವು ಇದ್ದಲ್ಲಿಯೇ ಇರುವುದು. ಯಾವ ಕಥೆಯನ್ನು ಕೇಳಿ ಬೆಳೆದ ಮಕ್ಕಳು ಎಂಥ ಸಾಮ್ರಾಜ್ಯಗಳನ್ನು ಕಟ್ಟಿದರೆಂಬ ವಿಚಾರಕ್ಕೆ ನಾನಿಲ್ಲಿ ಇಳಿಯಲಾರೆ.

ಪೂರ್ವಕ್ಕೆ ಹೊರಳಿದರೆ ಚೀನೀಯರ ಲುಂಗ್ ಮಳೆಯ ಒಡೆಯ, ಚಕ್ರವರ್ತಿಯ ಲಾಂಛನ. ಬೌದ್ಧಗ್ರಂಥಗಳು ನಮ್ಮ ದೇಶದಿಂದ ಅಲ್ಲಿಗೆ ಹೋದಾಗ ಅನುವಾದಕರು 'ನಾಗ' ಎಂಬಲ್ಲೆಲ್ಲ ಲುಂಗ್ ಎಂದೇ ಬರೆದರು. ಅದರಿಂದಾಗಿ ಆಚಾರ್ಯ ನಾಗಾರ್ಜುನನು ಚೀನದಲ್ಲಿ ಇಂದಿಗೂ 'ಡ್ರ್ಯಾಗನ್-ವೃಕ್ಷ'ವೆಂಬರ್ಥದ ಹೆಸರಿನಿಂದಲೇ ಪೂಜ್ಯನಾಗಿರುವನು. ಅವರಿಗೆ ನಮ್ಮ ನಾಗನು ಯಾವ ಅಳುಕೂ ಇಲ್ಲದೆ ಡ್ರ್ಯಾಗನ್ ಆದನು. ನಮಗೆ ಪಶ್ಚಿಮದ ಡ್ರ್ಯಾಗನ್ ನಾಗನಾಗಲಾರದೆ ಹೋಯಿತು. ಹಾಲೆರೆಸಿಕೊಳ್ಳುವ ನಾಗಪ್ಪನ ಹೆಸರನ್ನು ಪ್ರಕಟನೆಯ ಆ ಸೈತಾನನಿಗೆ ಕೊಡುವುದು ಕನ್ನಡದ ಅನುವಾದಕರಿಗೆ ಸಾಧ್ಯವಾಗಲಿಲ್ಲವೆಂದೇ ನನ್ನ ಊಹೆ. ಆದುದರಿಂದ ಗಡಿಗೆಯ ಹಾವು.

ಹಾಗೆಂದು ಬೆದರಿಸುವ, ಕೋರೆಹಲ್ಲಿನ, ಹಲವು ಪ್ರಾಣಿಗಳ ಅಂಗಾಂಗಗಳನ್ನು ಎರವಲು ಪಡೆದ ಜಂತುಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅವುಗಳನ್ನು ನಾವು ಕಲ್ಲಿಗೆ ಏರಿಸಿದೆವು. ಚಾಲುಕ್ಯರ ಕಾಲದ ಯಾವುದೇ ಗುಡಿಯ ಬಾಗಿಲಿನ ಮೇಲಣ ತೋರಣವನ್ನು ದಿಟ್ಟಿಸಿರಿ: ಆನೆಯ ಸೊಂಡಿಲು, ಮೊಸಳೆಯ ದವಡೆ, ಎಲೆಬಳ್ಳಿಯಾಗಿ ಸುರುಳಿಗೊಳ್ಳುವ ಬಾಲವುಳ್ಳ ಮಕರವೊಂದು ಎಡಕ್ಕೆ, ಅದರ ಜೋಡಿ ಬಲಕ್ಕೆ, ನಡುವೆ, ಕೆಳದವಡೆಯೇ ಇಲ್ಲದೆ ಕಣ್ಣುಗಳನ್ನು ಹೊರಚಾಚಿದ ಕೀರ್ತಿಮುಖ. ಹಸಿವು ತಾಳಲಾರದೆ ಶಿವನಪ್ಪಣೆಯಂತೆ ತನ್ನ ಮೈಯನ್ನು ತಾನೇ ತಿಂದು ಮುಖಮಾತ್ರ ಉಳಿದು, ಬಾಗಿಲನ್ನು ಕಾಯುವ ಕೆಲಸಕ್ಕೆ ನಿಂತ ಆ ಗಣನ ಕಥೆಯನ್ನು ಬಲ್ಲವರು ಎಷ್ಟು ಜನವೋ. ಹೊಸ ಮನೆಯ ಮುಂಬಾಗಿಲಿಗೆ ಅವನದೇ ದೂರದ ಸಂಬಂಧಿಯಂಥ ರಕ್ಕಸಮುಖವನ್ನು ತೂಗಹಾಕುವವರು ಮಾತ್ರ ಗೋಕಾಕದಲ್ಲಿಯೂ ಮೂಡಲಗಿಯಲ್ಲಿಯೂ ಬೀದಿಗೆ ಹತ್ತು ಮಂದಿ ಸಿಕ್ಕುವರು.

ಹುಕ್ಕೇರಿಯ ಗುಮ್ಮಟಗಳನ್ನು ಕಟ್ಟಿದ ಆದಿಲಶಾಹಿಗಳ ಕಾಲಕ್ಕೆ ಪಾರಸಿಯ ಅಜ್ದಹಾ ಕೂಡ ಈ ಸೀಮೆಗೆ ಬಂದನು, ಅದೂ ಬೆಂಕಿಯನ್ನು ಉಗುಳುತ್ತಲೇ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ನೋಡಿದವರು ಅದರ ಬಾಯಿಯನ್ನು ಮರೆಯಲಾರರು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಕದ್ದೆಂದು ಹೇಳುವ ಆ ಕಂಚಿನ ದೇಹದ ತುದಿಯಲ್ಲಿ, ಬಾಯ್ತೆರೆದ ಜಂತುವಿನ ಹಲ್ಲುಗಳ ಸಂದಿಯಲ್ಲಿ ಪುಟ್ಟದೊಂದು ಆನೆ ಸಿಕ್ಕಿ ನುಗ್ಗಾಗುತ್ತಿರುವುದು. ಕೆಲವರು ಅದನ್ನು ಸಿಂಹವೆನ್ನುವರು. ಸಿಂಹವಾಗಲು ಅದಕ್ಕೆ ಇರುವುದಕ್ಕಿಂತ ಹೆಚ್ಚು ದಯೆ ಬೇಕೆಂದು ನನ್ನ ಅಭಿಪ್ರಾಯ.

ನಾಗನ ಶಿಲ್ಪಗಳದು ಬೇರೆಯೇ ಮುಖಭಾವ. ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಐದು ಹೆಡೆಯ ನಾಗರಕಲ್ಲೊಂದಿದೆ. ಸಾತಕರ್ಣಿ ಅರಸನ ಕಾಲದ ಪ್ರಾಕೃತ ಶಾಸನ ಅದರ ಅಂಚಿನಲ್ಲಿ ಓಡುತ್ತದೆ. ನಾಗಶ್ರೀ ಎಂಬ ರಾಜಕುಮಾರಿಯು ಆ ನಾಗನನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ಒಟ್ಟಿಗೆ ಮಾಡಿಸಿದಳೆಂದೂ, ನಾಗನನ್ನು ಕಡೆದವನು ನಟಕನೆಂಬ ಶಿಲ್ಪಿಯೆಂದೂ ಅದು ಹೇಳುವುದು. ನಾಗ ಮತ್ತು ಕೆರೆ: ಹದಿನೇಳು ನೂರು ವರ್ಷಗಳಿಗೂ ಹಿಂದೆಯೇ ನಮ್ಮವರು ಇವೆರಡನ್ನೂ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಬಾಗಲಕೋಟೆಯ ಕಡೆ ಆಳಿದ ಸಿಂದರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾವು ನಾಗವಂಶದವರೆಂದೂ, ತಮ್ಮ ಮೂಲಪುರುಷನು ಸರ್ಪರಾಜ ಧರಣೇಂದ್ರನ ಮಗನೆಂದೂ, ಹುಲಿಯ ಹಾಲನ್ನು ಕುಡಿದು ಬೆಳೆದವನೆಂದೂ ಶಾಸನಗಳಲ್ಲಿ ಕೆತ್ತಿಸಿ, ಹಾವಿನ ಧ್ವಜವನ್ನು ಎತ್ತಿದರು. ಚೀನದ ಚಕ್ರವರ್ತಿಯ ಡ್ರ್ಯಾಗನ್-ಸಿಂಹಾಸನವನ್ನು ಕುರಿತು ಬೆರಗಾಗುವ ನಮ್ಮ ವಿದ್ಯಾರ್ಥಿಗಳಿಗೆ ಈ ನೆರೆಮನೆಯ ಸಂಗತಿಯನ್ನು ಯಾರೂ ಹೇಳಿಕೊಡದಿರುವುದು ಖೇದದ ವಿಷಯ.

ಧರಣೇಂದ್ರನ ಹೆಸರು ಬಂದುದರಿಂದ ಜೈನರ ಕಥೆಯನ್ನು ಬಿಡುವಂತಿಲ್ಲ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ರಟ್ಟರ ಅರಸನಾದ ನಾಲ್ವಡಿ ಕಾರ್ತವೀರ್ಯನ ಕಾಲದ, ಶಕ 1127ರ, ಅಂದರೆ ಕ್ರಿ.ಶ. 1204-05ರ ಶಾಸನವೂ ಶಾಂತಿನಾಥನ ಬಸದಿಯೂ ಇವೆ. ಅದೇ ರಟ್ಟರ ಮಂತ್ರಿಯು ಬೆಳಗಾವಿಯ ಕೋಟೆಯೊಳಗೆ ಕಮಲಬಸದಿಯನ್ನು ಕಟ್ಟಿಸಿದುದೂ ಆ ಹೊತ್ತಿನಲ್ಲಿಯೇ. ಈ ಸೀಮೆಯ ಜೈನ ಮನೆತನಗಳಲ್ಲಿ ಪಾರ್ಶ್ವನಾಥನ ಕಥೆ ಮನೆಮಾತು: ಪೂರ್ವವೈರಿಯಾದ ಕಮಠನು ಧ್ಯಾನಸ್ಥನಾದ ಸ್ವಾಮಿಯ ಮೇಲೆ ಪ್ರಳಯದ ಮಳೆಯನ್ನು ಕರೆದಾಗ, ಧರಣೇಂದ್ರನು ಪದ್ಮಾವತಿಯೊಡನೆ ಬಂದು ತನ್ನ ಹೆಡೆಗಳನ್ನೇ ಕೊಡೆಯಾಗಿ ಹಿಡಿದನು. ವೃತ್ರನಂತೆ ಇವನೂ ನೀರನ್ನು ತಡೆದವನೇ. ತಡೆದ ಕಾರಣ ಮಾತ್ರ ಬೇರೆ.

ಇನ್ನು ನಾಗರಪಂಚಮಿ. ನಮ್ಮ ಕಡೆ ಅದು ಒಂದು ದಿನದ ಹಬ್ಬವಲ್ಲ. ಮೊದಲು ರೊಟ್ಟಿ ಪಂಚಮಿ: ತಟ್ಟಿ ಒಣಗಿಸಿದ ಸಜ್ಜಿರೊಟ್ಟಿ, ಜೋಳದ ರೊಟ್ಟಿಗಳ ಅಡಕಲು, ಅವಕ್ಕೆ ನಾಲ್ಕಾರು ಪಲ್ಯ, ಚಟ್ನಿ, ಮನೆಯಿಂದ ಮನೆಗೆ ಹರಿದಾಡುವ ಬುತ್ತಿ. ಮರುದಿನ ಹಾಲೆರೆಯುವುದು. ಆ ದಿನ ಒಲೆಯ ಮೇಲೆ ಹಂಚಿಡಬಾರದು, ಏನನ್ನೂ ಕೊಯ್ಯಬಾರದು, ಹೆಚ್ಚಬಾರದು, ನೆಲಕ್ಕೆ ಕುಂಟೆ ಗುದ್ದಲಿ ತಾಗಿಸಬಾರದು. ಅಳ್ಳು, ಅಳ್ಳಿಟ್ಟು, ಕುಚ್ಚಿದ ಕಡಬು, ಎಳ್ಳು ಶೇಂಗಾಗಳ ಉಂಡಿ ಎಲ್ಲವೂ ಮುಂಚೆಯೇ ಸಿದ್ಧ. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರೆಂದು ತಿರುಗಿಸುವರು. ಅಣ್ಣತಮ್ಮಂದಿರು ಹೋಗಿ ಕರೆತಂದ ಹೆಣ್ಣುಮಕ್ಕಳು ಬೇವಿನ ಮರದ ಜೋಕಾಲಿಯನ್ನು ಮುಗಿಲಿಗೆ ಜೀಕುವರು. ಜಗತ್ತಿನ ಯಾವ ಡ್ರ್ಯಾಗನ್ನಿನ ಹೆಸರಿನಲ್ಲಿಯೂ ಮದುವೆಯಾದ ಹೆಣ್ಣುಮಗಳಿಗೆ ತವರಿನ ರಜೆ ದೊರೆತುದನ್ನು ನಾನು ಓದಿಲ್ಲ.

ಮೂಡಲಗಿಯ ಹೊರವಲಯದಲ್ಲಿ, ಒಂದು ಕಬ್ಬಿನ ಹೊಲದ ಬದುವಿನ ಮೇಲೆ, ಅಂಥದೊಂದು ಹಾಲೆರೆಯುವಿಕೆಯನ್ನು ಹತ್ತಿರದಿಂದ ನೋಡುವ ಯೋಗ ನನಗೊಮ್ಮೆ ಒದಗಿತು. ಹುತ್ತದ ಬುಡದಲ್ಲಿ ಹಿತ್ತಾಳೆಯ ಹರಿವಾಣ. ಅದರಲ್ಲಿ ಗೇಣುದ್ದದ ಮಣ್ಣಿನ ನಾಗಪ್ಪ, ಇನ್ನೂ ಪೂರ್ತಿ ಆರದೆ ಬೆರಳಿನ ಗುರುತುಗಳನ್ನು ಹಾಗೆಯೇ ಉಳಿಸಿಕೊಂಡುದು, ಕಣ್ಣಿಗೆ ಎರಡು ಗುಲಗಂಜಿ. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕೊಬ್ಬರಿಯ ಬಟ್ಟಲಿನಲ್ಲಿ ಹಾಲನ್ನು ಅದ್ದಿ, ಒಂದೊಂದೇ ಹನಿಯಾಗಿ ಅದರ ಹೆಡೆಯ ಮೇಲೆ ಬಿಡುತ್ತ, ಇದು ಅಪ್ಪನ ಪಾಲು, ಇದು ಅವ್ವನ ಪಾಲು, ಇದು ಅಣ್ಣನ ಪಾಲು ಎಂದು ಸತ್ತವರನ್ನೂ ಇದ್ದವರನ್ನೂ ಬೇರ್ಪಡಿಸದೆ ಎಣಿಸಿಕೊಂಡು ಹೋಗುತ್ತಿದ್ದಳು. ಸೊಸೆ ಹಿಂದೆ ನಿಂತು, ಆಕೆ ಮರೆತ ಹೆಸರುಗಳನ್ನು ಸಣ್ಣ ದನಿಯಲ್ಲಿ ಎತ್ತಿಕೊಡುತ್ತಿದ್ದಳು. ಹಾವು ಹಾಲು ಕುಡಿಯುವುದಿಲ್ಲವೆಂದು ಶಾಲೆಯಲ್ಲಿ ಓದಿದ ಅಹಂಕಾರ ನನ್ನದು, ಮೆಲ್ಲಗೆ ಕೇಳಿದೆ.

"ಕುಡಿಯೂದಿಲ್ಲಂತ ನನಗೂ ಗೊತ್ತೈತೋ ತಮ್ಮಾ," ಎಂದಳು ಮುದುಕಿ, ಕೈಯನ್ನು ನಿಲ್ಲಿಸದೆ. "ಪಾಲ ಅಂದ್ರ ಕೊಡೂದು. ಉಣ್ಣೂದು ಬಿಡೂದು ಅದಕ್ಕ ಬಿಟ್ಟದ್ದು. ನಿಮ್ಮ ಮನ್ಯಾಗ ಹೊಲ ಹಂಚ್ಯಾರಿಲ್ಲೇನು?"

ಹೊಲ ಹಂಚಿದ ಕಥೆ ನನಗೂ ಗೊತ್ತಿದ್ದುದರಿಂದ ಸುಮ್ಮನಾದೆ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜವಾದ ನಾಗರ ಬಂದಾಗ ಬಡಿಗೆ ಹಿಡಿಯುವವರನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಗದರಿಸಿದರು. ಆ ಮಾತನ್ನು ನೆನೆದು, ಈಚಿನ ವರ್ಷಗಳಲ್ಲಿ ಬಸವ ಪಂಚಮಿಯೆಂದು ಹೆಸರಿಟ್ಟು ಹಾಲನ್ನು ಶಾಲೆಯ ಮಕ್ಕಳಿಗೆ ಕುಡಿಸುವವರು ಈ ಭಾಗದಲ್ಲಿ ಇದ್ದಾರೆ. ಅವರ ಕಾರ್ಯವನ್ನು ನಾನು ಒಪ್ಪುವೆನು. ಆದರೂ ಎರೆದುದು ಗೇಣುದ್ದದ ಮಣ್ಣಿಗೆ ಅರ್ಧ ಬಟ್ಟಲು. ಆ ಮುದುಕಿಯ ಲೆಕ್ಕದಲ್ಲಿ ನಾಗಪ್ಪನು ದೇವರಿಗಿಂತ ಹೆಚ್ಚಾಗಿ ಮನೆಯ ಹಿರಿಯಣ್ಣನಂಥ ಒಬ್ಬ ಪಾಲುದಾರನಾಗಿದ್ದನು.

ಪಾಲುದಾರನು ಮುನಿದರೆ ಏನಾಗುವುದೆಂಬುದೂ ಈ ದಂಡೆಯವರಿಗೆ ತಿಳಿಯದ ವಿಷಯವಲ್ಲ. ಜಲಪಾತದ ರಭಸವನ್ನು 1885ರಲ್ಲಿ ಸ್ಥಾಪನೆಯಾದ ಗೋಕಾಕದ ಗಿರಣಿಯವರು ನೂಲು ತೆಗೆಯುವ ಕೆಲಸಕ್ಕೆ ಹಚ್ಚಿದರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಸ್ವಾತಂತ್ರ್ಯಾನಂತರ ಅಣೆಕಟ್ಟು ಎದ್ದು, ರಾಜಾ ಲಖಮಗೌಡರ ಹೆಸರಿನ ಜಲಾಶಯದಲ್ಲಿ 51 ಟಿ.ಎಂ.ಸಿ. ನೀರು ನಿಲ್ಲುವಂತಾಯಿತು. ವೃತ್ರನ ಕೆಲಸವನ್ನು ನಾವೇ ಕೈಗೆತ್ತಿಕೊಂಡು, ಕಾಲಕಾಲಕ್ಕೆ ಇಂದ್ರನಂತೆ ಗೇಟು ತೆಗೆಯುವ ಅಧಿಕಾರವನ್ನೂ ಇಟ್ಟುಕೊಂಡೆವು. ಆ ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿಯು ಬೇಸಗೆಯಲ್ಲಿ ಜಲಾಶಯ ಇಳಿದಾಗ ಕೆಸರಿನ ನಡುವೆ ಮತ್ತೆ ಮೇಲಕ್ಕೆ ಕಾಣಿಸಿಕೊಳ್ಳುವುದು. ಜನರು ಹೋಗಿ ಕಾಯಿ ಒಡೆಸಿ ಬರುವರು. ಮಳೆಗಾಲದಲ್ಲಿ ಅದು ತಿರುಗಿ ಒಳಕ್ಕೆ. ಕಣ್ಣಾರೆ ಕಂಡ ಮೇಲೂ ಅದನ್ನು ಪಾತಾಳದ ನಾಗಲೋಕವೆನ್ನದಿರಲು ತುಸು ಪ್ರಯತ್ನ ಬೇಕು.

2019ರಲ್ಲಿ ಪಂಚಮಿ ಆಗಸ್ಟ್ 5ರಂದು ಬಿದ್ದಿತು. ಅದೇ ವಾರ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ದಂಡೆಗಳನ್ನು ಮೀರಿದುವು. ಲೋಳಸೂರಿನ ಸೇತುವೆ ಕಾಣದಾಯಿತು. ಗೋಕಾಕದ ಪೇಟೆಯಲ್ಲಿ ಮನೆ ಅಂಗಡಿಗಳೊಳಕ್ಕೆ ಹೊಳೆಯೇ ನುಗ್ಗಿತು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿಯ ಡಬ್ಬಿಗಳೊಡನೆ ಶಾಲೆಯ ಕೋಣೆಗಳಲ್ಲಿಯೂ ಮದುವೆಯ ಮಂಟಪಗಳಲ್ಲಿಯೂ ದಿನಗಳನ್ನು ಕಳೆದರು. ನಾನು ಮೊದಲು ಹೇಳಿದ ಪ್ರಕಟನೆಯ ಪುಸ್ತಕದಲ್ಲಿ, ಘಟಸರ್ಪವು ಓಡಿಹೋಗುವ ಸ್ತ್ರೀಯ ಬೆನ್ನಿಗೆ ತನ್ನ ಬಾಯೊಳಗಿಂದ ನದಿಯಂಥ ನೀರನ್ನು ಉಗುಳುವ ಪ್ರಸಂಗವೊಂದಿದೆ. ಅಲ್ಲಿ ಭೂಮಿಯು ಬಾಯ್ತೆರೆದು ಆ ನೀರನ್ನು ನುಂಗಿ ಅವಳನ್ನು ಉಳಿಸುವುದು. ಕಬ್ಬು ಬೆಳೆದ ನಮ್ಮ ಎರೆಭೂಮಿ ಅಷ್ಟು ಬೇಗ ಬಾಯಿ ತೆರೆಯಲಿಲ್ಲ. ಹೊಳೆ ಇಳಿದ ಮೇಲೆ, ಮನೆಯೊಳಗಿನ ಕೆಸರನ್ನು ಎತ್ತಿ ಹಾಕಿದವರೇ ದಂಡೆಗೆ ಹೋಗಿ ಗಂಗವ್ವನಿಗೆ ಉಡಿ ತುಂಬಿದರು. ಇದನ್ನು ಮೌಢ್ಯವೆಂದು ಬರೆದವರನ್ನು ಬಲ್ಲೆ. ಆದರೆ ಜಗಳವಾಡಿದ ಮರುದಿನವೂ ಬೇಲಿಯಾಚೆಯವರೊಡನೆ ಮಾತನಾಡಲೇಬೇಕಾದ ಸಂಸಾರದ ಕಷ್ಟ ಅವರಿಗೆ ತಿಳಿದಿರಲಾರದು.

ಈ ನದಿಯ ಹಾವು ಸಾಹಿತ್ಯಕ್ಕೆ ಬಂದುದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ. ಅಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ' ನಾಟಕದಲ್ಲಿ ರಾಜಕುಮಾರನ ಒಡಲು ಎರಡಾಗಿ, ಒಂದು ಭಾಗವು ಸರ್ಪವಾಗಿ, ಆ ಸರ್ಪವೇ ಸಿರಿಸಂಪಿಗೆಯ ಪ್ರಿಯನಾಗುವುದು. 1991ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದಕ್ಕೆ ತುಸು ಮುಂಚೆ ಗಿರೀಶ ಕಾರ್ನಾಡರು, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಹೆಣೆದು 'ನಾಗಮಂಡಲ'ವನ್ನು ರಚಿಸಿದ್ದರು. ಅದರ ರಾಣಿಯು ಪಂಚರ ಮುಂದೆ ಕಾದ ಕಬ್ಬಿಣದ ದಿವ್ಯವನ್ನು ಒಲ್ಲೆನೆಂದು, ಹುತ್ತದೊಳಗೆ ಕೈಯಿಟ್ಟು ನಾಗನನ್ನೇ ಹಿಡಿದು ಪ್ರಮಾಣಮಾಡುವಳು. ಹಾವು ಅವಳನ್ನು ಕಚ್ಚುವುದಿಲ್ಲ, ಹೆಡೆಯ ನೆರಳು ಕೊಡುವುದು. ಗಡಿಗೆಯ ಬದಲಿಗೆ ಹುತ್ತ, ಇನ್ನುಳಿದುದೆಲ್ಲ ಘಟಸರ್ಪವೇ. ಅದು ಅವಳ ಸುಳ್ಳನ್ನೂ ಸತ್ಯವನ್ನೂ ಬಲ್ಲ ಸಾಕ್ಷಿ. ಪಾತಿವ್ರತ್ಯವನ್ನು ಪರೀಕ್ಷಿಸಲು ಕುಳಿತ ಗಂಡಸರಿಗೆ ಅದು ಉತ್ತರ ಕೊಡದೆ ಅವರನ್ನು ಮೂರ್ಖರನ್ನಾಗಿ ಮಾಡಿದುದು ನನಗೆ ಆ ನಾಟಕದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ.

ಈಗಿನ ಮಕ್ಕಳಿಗೆ ಡ್ರ್ಯಾಗನ್ ಮೊಬೈಲಿನಲ್ಲಿ ಹಾರುತ್ತದೆ, ಅಂಗಿಯ ಬೆನ್ನಮೇಲೆ ಕುಳಿತಿರುತ್ತದೆ. ಉತ್ತರ ಕರ್ನಾಟಕದ ಒಣಹೊಲಗಳಲ್ಲಿ ಅದರ ಹೆಸರಿನ ಹಣ್ಣಿನ ಮುಳ್ಳುಬಳ್ಳಿ ಕೂಡ ಕಂಬಗಳ ಮೇಲೆ ಹಬ್ಬಿಕೊಂಡಿದೆ. ಗುಜರಾತಿನವರು 2021ರಲ್ಲಿ ಆ ಹಣ್ಣಿಗೆ 'ಕಮಲಂ' ಎಂದು ನಾಮಕರಣ ಮಾಡಿದರೂ ನಮ್ಮ ಸಂತೆಯವರು 'ಡ್ರ್ಯಾಗನ್ ಬರ್ರಿ, ಡ್ರ್ಯಾಗನ್' ಎಂದೇ ಕೂಗಿ ಮಾರುವರು.

ಮೂಡಲಗಿಯ ಆ ಸಂಜೆ, ಹಾಲೆರೆದ ನಾಗಪ್ಪನನ್ನು ಕಾಲುವೆಗೆ ಬಿಡಲು ಸೊಸೆ ಹರಿವಾಣವನ್ನು ಸೊಂಟದ ಮೇಲಿಟ್ಟುಕೊಂಡು ನಡೆದಳು. ಅವಳ ಮಗ, ಆರೇಳು ವರ್ಷದವನು, ಸೆರಗು ಹಿಡಿದು ಹಿಂದೆ. ಘಟಪ್ರಭೆಯ ನೀರು ಕಾಲುವೆಯಲ್ಲಿ ಅಷ್ಟೇನೂ ಅವಸರವಿಲ್ಲದೆ ಹರಿಯುತ್ತಿತ್ತು. ಮಣ್ಣಿನ ಹೆಡೆ ಮೊದಲು ಮೆತ್ತಗಾಯಿತು, ಸುರುಳಿ ಬಿಚ್ಚಿಕೊಂಡಿತು, ನೀರಿನ ಮೇಲೆ ಕೆಂಪನೆಯ ಒಂದು ಗೆರೆ ಮಾತ್ರ ಉಳಿಯಿತು. ಹರಿವಾಣದ ಅಂಚಿಗೆ ಹತ್ತಿದ ಒದ್ದೆ ಮಣ್ಣಿನಲ್ಲಿ ಗುಲಗಂಜಿಗಳೆರಡೂ ಬಿದ್ದಿದ್ದುವು. ತಾಯಿ ಅತ್ತ ತಿರುಗಿದ್ದಾಗ ಹುಡುಗ ಅವುಗಳನ್ನು ಉಗುರಿನಿಂದ ಕೆದರಿ ತೆಗೆದು, ಅಂಗಿಯ ಚುಂಗಿನಿಂದ ಒರಸಿ, ಚೊಣ್ಣದ ಕಿಸೆಯಲ್ಲಿ ಹಾಕಿಕೊಂಡನು.